ಹೊಟ್ಟೆಯೊಳಗಿನ ಅಂಚೆಯವರು

ಕನ್ನಡದಲ್ಲಿ ಕರುಳಿಗೆ ಇರುವಷ್ಟು ಮಾನ ಬೇರೆ ಯಾವ ಅಂಗಕ್ಕೂ ಇದ್ದಂತಿಲ್ಲ. ಕನಿಕರ ಹುಟ್ಟಿದರೆ ನಮ್ಮ ಕರುಳು ಚುರ್ ಎನ್ನುತ್ತದೆ. ತಾಯಿಯ ಮಮತೆಯನ್ನು ನಾವು ತಾಯಿಕರುಳು ಎನ್ನುತ್ತೇವೆ. ಮಕ್ಕಳು ಕರುಳಕುಡಿಗಳು, ರಕ್ತಸಂಬಂಧವೆಲ್ಲ ಕರುಳಬಳ್ಳಿ. ಹೀಗೆ ದಿನಕ್ಕೆ ಹತ್ತು ಸಲ ಅದರ ಹೆಸರೆತ್ತುವ ನಾವು, ಆ ಕರುಳಿನ ಒಳಗೋಡೆಯಲ್ಲಿ ಏನು ನಡೆಯುತ್ತದೆಂದು ಯಾರಾದರೂ ಕೇಳಿದರೆ ಮಾತ್ರ ಸುಮ್ಮನಾಗುತ್ತೇವೆ. ಉಂಡ ಅನ್ನ ಇಳಿಯುತ್ತದೆ, ಅರಗುತ್ತದೆ, ಉಳಿದುದು ಹೊರಬೀಳುತ್ತದೆ ಎಂಬಲ್ಲಿಗೆ ನಮ್ಮ ತಿಳಿವಳಿಕೆ ಮುಗಿಯಿತು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಮಾಜಿವಾಡದಿಂದ ಗಾಯ್‌ಮುಖದವರೆಗಿನ ನಮ್ಮ ರಸ್ತೆಯ ಯಾವ ಔಷಧದ ಅಂಗಡಿಯ ಮುಂದಾದರೂ ಹತ್ತು ನಿಮಿಷ ನಿಂತು ನೋಡಿ. ‘ಗ್ಯಾಸಿನ ಮಾತ್ರೆ ಕೊಡಿ’ ಎಂದು ಕೇಳುವವರು ಒಬ್ಬರಾದರೂ ಬಂದೇ ಬರುತ್ತಾರೆ. ಇನ್ನೊಂದು ಕಡೆ, ರಕ್ತಪರೀಕ್ಷೆಯ ಚೀಟಿಗಳಲ್ಲಿ ‘ಕ್ರೋಮೊಗ್ರಾನಿನ್ ಎ’ ಎಂಬ ಹೊಸ ಹೆಸರೊಂದು ಈಗೀಗ ಕಾಣಿಸಿಕೊಳ್ಳುತ್ತಿದೆ. ಅದರ ಮುಂದಿನ ಅಂಕಿ ದಪ್ಪಕ್ಷರದಲ್ಲಿದ್ದರೆ ಸರಿ, ಆ ಮನೆಯವರಿಗೆ ಅಂದು ರಾತ್ರಿ ನಿದ್ದೆಯಿಲ್ಲ. ಆ ಮಾತ್ರೆಗೂ ಈ ಅಂಕಿಗೂ ನೇರವಾದ ನಂಟಿದೆ ಎಂಬುದನ್ನು ಬಹಳ ಮಂದಿ ಅರಿಯರು. ಆ ನಂಟನ್ನು ತಿಳಿಯಬೇಕಾದರೆ ಕರುಳಿನ ಗೋಡೆಯಲ್ಲಿ ಅಡಗಿ ಕುಳಿತಿರುವ ಒಂದು ಬಗೆಯ ಜೀವಕಣಗಳ ಪರಿಚಯವಾಗಬೇಕು.

ಬಂದರಿಗೆ ಹಡಗು ಬಂದಾಗ

ಘೋಡಬಂದರ್ ಎಂದರೆ ಕುದುರೆಗಳ ಬಂದರು. ಹಿಂದೆ ಇಲ್ಲಿ ಕುದುರೆಯ ವ್ಯಾಪಾರ ನಡೆಯುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಯಾವ ಬಂದರಿನಲ್ಲಾದರೂ ಹಡಗು ದಡ ಮುಟ್ಟಿದ ಕೂಡಲೆ ಊರೊಳಕ್ಕೆ ಸುದ್ದಿ ಹೋಗಬೇಕು. ಸರಕು ಇಳಿಸಲು ಆಳು ಬೇಕು, ಗಾಡಿ ಬೇಕು, ಸುಂಕದವರು ಬೇಕು. ಸುದ್ದಿ ಮುಟ್ಟದಿದ್ದರೆ ಸರಕು ಅಲ್ಲಿಯೇ ಕೊಳೆಯುತ್ತದೆ.

ನಮ್ಮ ಜಠರದಿಂದ ಅನ್ನವು ಸಣ್ಣ ಕರುಳಿಗೆ ಇಳಿಯುವಾಗಲೂ ಹೀಗೆಯೇ. ಅದು ಹುಳಿಯಿಂದ ತುಂಬಿರುತ್ತದೆ. ಆ ಹುಳಿಯನ್ನು ಅಡಗಿಸುವ ಕ್ಷಾರರಸವು ಮೇದೋಜೀರಕ ಗ್ರಂಥಿಯಿಂದ ಬರಬೇಕು. ಕೊಬ್ಬನ್ನು ಕರಗಿಸಲು ಪಿತ್ತಕೋಶದಿಂದ ಪಿತ್ತ ಬರಬೇಕು. ಅನ್ನ ಬಂದಿತೆಂಬ ಸುದ್ದಿಯನ್ನು ಇವುಗಳಿಗೆ ಮುಟ್ಟಿಸುವವರು ಯಾರು?

ನರಗಳು ಎಂದು ೧೯ನೆಯ ಶತಮಾನದ ಪಂಡಿತರು ಉತ್ತರ ಕೊಟ್ಟಿದ್ದರು. ರಷ್ಯಾದ ಇವಾನ್ ಪಾವ್ಲೊವ್ ಆ ಪಕ್ಷದ ಮುಖಂಡ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕಾಗಿ ೧೯೦೪ರಲ್ಲಿ ನೊಬೆಲ್ ಬಹುಮಾನ ಪಡೆದ ಮಹನೀಯ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, ೧೯೦೨ರ ಜನವರಿಯಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಭಾವಮೈದುನರು ಒಂದು ಪ್ರಯೋಗ ಮಾಡಿದರು. ಮೂರ್ಛೆಗೊಳಿಸಿದ ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು ಅದರೊಳಕ್ಕೆ ಆಮ್ಲವನ್ನು ಬಿಟ್ಟರು. ನರವಿಲ್ಲದ ಮೇಲೆ ಸುದ್ದಿ ಹೋಗಕೂಡದು. ಆದರೂ ಮೇದೋಜೀರಕ ಗ್ರಂಥಿ ಎಂದಿನಂತೆ ರಸ ಸುರಿಸಿತು! ಆಗ ಅವರು ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ರಸವನ್ನು ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಗ್ರಂಥಿ ಮತ್ತೆ ರಸ ಸುರಿಸಿತು.

ಅಂದರೆ ಸುದ್ದಿ ತಂತಿಯಲ್ಲಿ ಹೋಗಲಿಲ್ಲ, ಅಂಚೆಯಲ್ಲಿ ಹೋಯಿತು. ರಕ್ತದ ಹೊಳೆಯಲ್ಲಿ ತೇಲಿಹೋದ ಆ ಓಲೆಗೆ ಅವರು ‘ಸೆಕ್ರಿಟಿನ್’ ಎಂದು ಹೆಸರಿಟ್ಟರು. ಇಂಥ ರಾಸಾಯನಿಕ ದೂತರಿಗೆ ‘ಹಾರ್ಮೋನು’ ಎಂಬ ಹೆಸರನ್ನು ಸ್ಟಾರ್ಲಿಂಗ್ ೧೯೦೫ರಲ್ಲಿ ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಚೋದಿಸುವುದು, ಎಬ್ಬಿಸುವುದು ಎಂದರ್ಥ. ಥೈರಾಯ್ಡ್, ಇನ್ಸುಲಿನ್ ಎಂದು ಇಂದು ಮನೆಮನೆಯಲ್ಲಿ ಕೇಳಿಬರುವ ಹಾರ್ಮೋನ್ ವಿದ್ಯೆಯೆಲ್ಲ ಹೆಸರು ಪಡೆದುದು ಕರುಳಿನ ಈ ಓಲೆಯಿಂದ ಎಂಬುದು ನೆನಪಿಡತಕ್ಕ ಮಾತು.

ಬಣ್ಣ ಹಿಡಿದ ಕಣಗಳು

ಓಲೆ ಸಿಕ್ಕಿತು, ಸರಿ. ಬರೆದವರಾರು? ಇದಕ್ಕೆ ಉತ್ತರ ಹುಡುಕುವುದು ಸುಲಭವಾಗಿರಲಿಲ್ಲ. ಥೈರಾಯ್ಡ್ ಒಂದು ಗ್ರಂಥಿ. ಕೈಯಲ್ಲಿ ಮುಟ್ಟಬಹುದು, ಕೊಯ್ದು ನೋಡಬಹುದು. ಕರುಳಿನಲ್ಲಾದರೋ ಹಾಗೆ ಒಟ್ಟಾಗಿ ಕುಳಿತ ಗ್ರಂಥಿಯೇ ಇಲ್ಲ. ಹಾರ್ಮೋನು ತಯಾರಿಸುವ ಕಣಗಳು ಒಳಪೊರೆಯ ಉದ್ದಕ್ಕೂ ಒಂದಿಲ್ಲಿ ಒಂದಲ್ಲಿ ಚದುರಿಕೊಂಡಿವೆ. ಪೊರೆಯ ನೂರು ಕಣಗಳಲ್ಲಿ ಇಂಥದು ಹೆಚ್ಚುಕಡಮೆ ಒಂದು. ಸುಮಾರು ೨೦ ಅಡಿ ಉದ್ದದ ಸಣ್ಣ ಕರುಳಿನಿಂದ ಇವನ್ನೆಲ್ಲ ಆರಿಸಿ ಒಂದೆಡೆ ಗುಡ್ಡೆ ಹಾಕಿದರೆ ದೇಹದಲ್ಲೇ ದೊಡ್ಡ ಹಾರ್ಮೋನ್ ಗ್ರಂಥಿಯಾದೀತು ಎನ್ನುತ್ತಾರೆ. ಆದರೆ ಅವು ಚೆಲ್ಲಿದ ಸಾಸಿವೆಯಂತೆ ಹರಡಿಕೊಂಡಿವೆ. ಸಾಲದುದಕ್ಕೆ ಕರುಳಿನ ಒಳಪೊರೆ ಮೂರರಿಂದ ಐದು ದಿನಗಳಿಗೊಮ್ಮೆ ಬಹುಮಟ್ಟಿಗೆ ಹೊಸದಾಗುತ್ತದೆ. ಇಂದು ಇದ್ದ ಕಣ ಬರುವ ವಾರ ಅಲ್ಲಿರುವ ನೆಚ್ಚಿಕೆಯಿಲ್ಲ.

ಆದುದರಿಂದ ವಿಜ್ಞಾನಿಗಳು ಬಣ್ಣದ ಮೊರೆಹೊಕ್ಕರು. ಜರ್ಮನಿಯ ರುಡಾಲ್ಫ್ ಹೈಡನ್‌ಹೈನ್ ೧೮೭೦ರಲ್ಲಿಯೇ ಜಠರದ ಪೊರೆಯಲ್ಲಿ ಕ್ರೋಮಿಯಂ ಲವಣಕ್ಕೆ ಹಳದಿ ಬಣ್ಣ ತಾಳುವ ಕೆಲವು ಕಣಗಳನ್ನು ಕಂಡಿದ್ದನು. ರಷ್ಯಾದ ನಿಕೊಲಾಯ್ ಕುಲ್ಚಿಟ್‌ಸ್ಕಿ ೧೮೯೭ರಲ್ಲಿ ಕರುಳಿನ ಕುಳಿಗಳಲ್ಲಿ ಅಂಥ ಕಣಗಳನ್ನೇ ವರ್ಣಿಸಿದನು. ೧೯೧೪ರಲ್ಲಿ ಫ್ರಾನ್ಸಿನ ಪಿಯೆರ್ ಮಾಸೋಂ ಬೆಳ್ಳಿಯ ಲವಣದಿಂದ ಅವನ್ನು ಕಪ್ಪಾಗಿಸಿದನು. ೧೯೩೮ರಲ್ಲಿ ಆಸ್ಟ್ರಿಯದ ಫ್ರೀಡ್ರಿಖ್ ಫೈರ್ಟರ್ ಎಂಬಾತ, ಈ ಬಿಡಿಬಿಡಿ ಕಣಗಳೆಲ್ಲ ಸೇರಿ ಒಂದು ಚದುರಿದ ಗ್ರಂಥಿಮಂಡಲವೇ ಆಗಿದೆ ಎಂದು ವಾದಿಸಿದನು. ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಇವುಗಳಿಂದಲೇ ಒಂದು ದ್ರವ್ಯವನ್ನು ಬೇರ್ಪಡಿಸಿ ‘ಎಂಟರಮಿನ್’ ಎಂದು ಕರೆದನು. ಅತ್ತ ಅಮೆರಿಕದಲ್ಲಿ ೧೯೪೮ರಲ್ಲಿ ರಕ್ತದಿಂದ ಬೇರ್ಪಡಿಸಿದ ‘ಸೆರೊಟೋನಿನ್’ ಕೂಡ ಅದೇ ವಸ್ತುವೆಂದು ೧೯೫೨ರ ಹೊತ್ತಿಗೆ ಸಿದ್ಧವಾಯಿತು. ಮನಸ್ಸಿನ ನೆಮ್ಮದಿಯ ಮಾತು ಬಂದಾಗಲೆಲ್ಲ ಪತ್ರಿಕೆಗಳು ಹೆಸರಿಸುವ ಸೆರೊಟೋನಿನ್ ಇದೇ. ನಮ್ಮ ದೇಹದಲ್ಲಿರುವ ಸೆರೊಟೋನಿನ್ನಿನ ಶೇಕಡ ೯೦ರಷ್ಟು ತಯಾರಾಗುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ.

ಆದರೆ ಬಣ್ಣಕ್ಕೆ ಒಂದು ಕೊರತೆಯಿತ್ತು. ಕೆಲವು ಕಣಗಳು ಬೆಳ್ಳಿಯನ್ನು ಹಿಡಿದವು, ಕೆಲವು ಹಿಡಿಯಲಿಲ್ಲ. ಒಂದು ಪ್ರಯೋಗಶಾಲೆಯಲ್ಲಿ ಕಪ್ಪಾದುದು ಇನ್ನೊಂದರಲ್ಲಿ ಕಂದಾಗಿ ಕಾಣುತ್ತಿತ್ತು. ಸಂತೆಯಲ್ಲಿ ಕಳೆದುಹೋದವನನ್ನು ಬಿಳಿ ಅಂಗಿಯಿಂದ ಗುರುತು ಹಿಡಿಯುತ್ತೇನೆ ಎಂದು ಹೊರಟಂತೆ. ಬೇಕಾದುದು ಅಂಗಿಯಲ್ಲ, ಹುಟ್ಟುಮಚ್ಚೆ.

ಪ್ರೋಟೀನೆಂಬ ಹುಟ್ಟುಮಚ್ಚೆ

ಆ ಹುಟ್ಟುಮಚ್ಚೆ ದೊರೆತುದು ಕರುಳಿನಲ್ಲಲ್ಲ, ದನದ ಅಡ್ರಿನಲ್ ಗ್ರಂಥಿಯಲ್ಲಿ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಈ ಗ್ರಂಥಿಯ ತಿರುಳು ಗಾಬರಿಯ ಹೊತ್ತಿನಲ್ಲಿ ಅಡ್ರಿನಲಿನ್ ಸುರಿಸುತ್ತದೆ. ಹಾಗೆ ಸುರಿಸುವಾಗ ಅದರೊಡನೆ ಒಂದು ಪ್ರೋಟೀನು ಸಹ ಹೊರಬರುತ್ತದೆಂದು ೧೯೬೫ರಲ್ಲಿ ಕಂಡುಬಂದಿತು. ೧೯೬೭ರಲ್ಲಿ ಅದಕ್ಕೆ ‘ಕ್ರೋಮೊಗ್ರಾನಿನ್’ ಎಂಬ ಹೆಸರಾಯಿತು. ಬಣ್ಣ ಹಿಡಿಯುವ ಕಣದ ಹರಳುಗಳಲ್ಲಿ ಇರುವುದು ಎಂದು ಅರ್ಥ.

ಹಾರ್ಮೋನು ತಯಾರಿಸುವ ಕಣವು ತನ್ನ ಸರಕನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತದೆ. ಆಜ್ಞೆ ಬಂದೊಡನೆ ಚೀಲಗಳು ಕಣದ ಗೋಡೆಗೆ ಬಂದು ಒಡೆದು ಸರಕು ರಕ್ತಕ್ಕೆ ಸೇರುತ್ತದೆ. ಚೀಲದೊಳಗೆ ಹಾರ್ಮೋನು ಒತ್ತಾಗಿ ಕೂರಲು ಈ ಕ್ರೋಮೊಗ್ರಾನಿನ್ ನೆರವಾಗುತ್ತದೆ. ಅಂಚೆಯವನ ಚೀಲದಲ್ಲಿ ಕಾಗದ ಯಾವುದಾದರೂ ಇರಲಿ, ಮದುವೆಯ ಕರೆಯೋಲೆಯೋ, ಮನಿಯಾರ್ಡರೋ, ಕೆಟ್ಟ ಸುದ್ದಿಯೋ, ಚೀಲ ಮಾತ್ರ ಒಂದೇ ತೆರನಷ್ಟೆ? ಹಾಗೆಯೇ ಹಾರ್ಮೋನು ಯಾವುದೇ ಇರಲಿ, ಚೀಲದಲ್ಲಿ ಸಾಮಾನ್ಯವಾಗಿ ಕ್ರೋಮೊಗ್ರಾನಿನ್ ಇರುತ್ತದೆ. ಜೊತೆಗೆ ೧೯೮೫ರಲ್ಲಿ ಇನ್ನೊಂದು ಪ್ರೋಟೀನು, ‘ಸಿನಾಪ್ಟೊಫೈಸಿನ್’, ಬೆಳಕಿಗೆ ಬಂದಿತು. ಇದು ಇನ್ನೂ ಚಿಕ್ಕ ಚೀಲಗಳ ಪೊರೆಯಲ್ಲಿ ಹೆಣೆದುಕೊಂಡಿರುವುದು. ನರಗಳ ತುದಿಯಲ್ಲಿಯೂ ಉಂಟು, ಹಾರ್ಮೋನ್ ಕಣಗಳಲ್ಲಿಯೂ ಉಂಟು.

ಪ್ರೋಟೀನು ಇದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ದೇಹದ ಕಾವಲುಗಾರರನ್ನೇ ಬಳಸುತ್ತಾರೆ. ಹೊರಗಿನ ಪ್ರೋಟೀನು ಮೈಸೇರಿದರೆ ಪ್ರಾಣಿಯ ರಕ್ತ ಅದಕ್ಕೆ ತಕ್ಕ ಪ್ರತಿಕಾಯವನ್ನು ತಯಾರಿಸುತ್ತದೆ. ಬೀಗಕ್ಕೆ ಕೀಲಿಯಂತೆ ಅದು ಆ ಪ್ರೋಟೀನಿಗೆ ಮಾತ್ರ ಅಂಟುತ್ತದೆ. ಅಂಥ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ಕಳುಹಿಸುವ ಉಪಾಯವನ್ನು ಅಮೆರಿಕದ ಆಲ್ಬರ್ಟ್ ಕೂನ್ಸ್ ೧೯೪೧ರಲ್ಲಿ ತೋರಿಸಿಕೊಟ್ಟನು. ೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದ ಮೇಲೆ ಈ ವಿದ್ಯೆ ಊರೂರ ಆಸ್ಪತ್ರೆಗೆ ಬಂದಿತು. ಕರುಳಿನ ತೆಳುವಾದ ಚೂರಿನ ಮೇಲೆ ಕ್ರೋಮೊಗ್ರಾನಿನ್ನಿನ ಪ್ರತಿಕಾಯವನ್ನು ಬಿಟ್ಟರೆ, ನೀಲಿ ಕಣಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಂದುಬಣ್ಣದ ಕಣ ದೀಪದಂತೆ ಎದ್ದು ಕಾಣುತ್ತದೆ.

ಹೀಗೆ ಗುರುತು ಹಿಡಿದ ಮೇಲೆ ತಿಳಿದುದೇನೆಂದರೆ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬೀಟು. ಜಠರದ ಕೆಳತುದಿಯಲ್ಲಿ ಜಿ ಕಣಗಳಿವೆ. ಅವು ‘ಗ್ಯಾಸ್ಟ್ರಿನ್’ ಕಳುಹಿಸಿ ಹುಳಿಯನ್ನು ಹೆಚ್ಚಿಸುತ್ತವೆ. ಸಣ್ಣ ಕರುಳಿನ ಮೊದಲಲ್ಲಿ ಸೆಕ್ರಿಟಿನ್ ಕಳುಹಿಸುವ ಎಸ್ ಕಣಗಳು ಮತ್ತು ಪಿತ್ತಕೋಶವನ್ನು ಹಿಂಡುವ ಐ ಕಣಗಳು ಇವೆ. ಜಠರದಿಂದಲೇ ಹೊರಡುವ ‘ಘ್ರೆಲಿನ್’, ಹಸಿವಿನ ಓಲೆ, ೧೯೯೯ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನಲ್ಲಿ ಎಲ್ ಕಣಗಳು. ಸಾಕು, ಎಲೆ ಮಡಿಸು ಎಂಬ ಸಂದೇಶ ಇವುಗಳದು. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಇಂದು ಡಾಕ್ಟರು ಬರೆದುಕೊಡುವ ಸೆಮಗ್ಲುಟೈಡ್ ಚುಚ್ಚುಮದ್ದು ಈ ಎಲ್ ಕಣದ ಜಿ.ಎಲ್.ಪಿ.-೧ ಎಂಬ ಹಾರ್ಮೋನಿನ ನಕಲೇ. ಮೊಲ, ಹಂದಿ, ದನ, ಕುರಿ, ಮನುಷ್ಯ, ಹೀಗೆ ಮೊಲೆಯೂಡಿಸುವ ಪ್ರಾಣಿಗಳಲ್ಲೆಲ್ಲ ಈ ಏರ್ಪಾಡಿನ ಹಂದರ ಒಂದೇ.

ಅಂಚೆಯವನೇ ದಾರಿತಪ್ಪಿದರೆ

ಇಷ್ಟೆಲ್ಲ ಗುರುತು ಹಿಡಿದು ನಮಗಾಗಬೇಕಾದುದೇನು ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ.

ಈ ಕಣಗಳಲ್ಲಿಯೂ ಗಡ್ಡೆ ಬೆಳೆಯಬಹುದು. ಮ್ಯೂನಿಕ್ಕಿನ ಜೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಇಂಥ ಪುಟ್ಟ ಗಡ್ಡೆಗಳಿಗೆ ೧೯೦೭ರಲ್ಲಿ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟನು. ಕ್ಯಾನ್ಸರಿನಂತೆ ಕಂಡರೂ ಸಾಧುವಾದುದು ಎಂದು ಅವನ ಅಭಿಪ್ರಾಯ. ೧೯೨೯ರಲ್ಲಿ ಅವನೇ, ಇವು ಯಾವಾಗಲೂ ಸಾಧುವಲ್ಲ, ಹರಡುವುದೂ ಉಂಟು ಎಂದು ಬರೆದನು. ಯೆಹೂದ್ಯನಾದ ಆತನು ೧೯೩೩ರಲ್ಲಿ ನಾಟ್ಸಿಗಳ ಕಾಟದಿಂದ ಕೆಲಸ ಕಳೆದುಕೊಂಡು ಇಸ್ತಾನ್‌ಬುಲ್ಲಿಗೆ ಹೋಗಿ, ಅಲ್ಲಿಯೇ ೧೯೪೪ರಲ್ಲಿ ತೀರಿಕೊಂಡನು. ಅವನಿಟ್ಟ ಹೆಸರು ನೂರು ವರ್ಷ ಬಾಳಿತು. ಇಂದು ವೈದ್ಯರು ಇವನ್ನು ‘ನ್ಯೂರೋ ಎಂಡೊಕ್ರೈನ್’ ಗಡ್ಡೆಗಳು ಎನ್ನುತ್ತಾರೆ. ೨೦೧೮ರ ಮಾರ್ಚಿಯಲ್ಲಿ ನಟ ಇರ್ಫಾನ್ ಖಾನ್ ತಮಗೆ ಈ ಕಾಯಿಲೆಯಿದೆ ಎಂದು ತಾವೇ ಪ್ರಕಟಿಸಿದಾಗ ದೇಶದ ಜನ ಈ ಹೆಸರನ್ನು ಮೊದಲ ಬಾರಿಗೆ ಕೇಳಿದರೆಂದು ಹೇಳಬಹುದು. ೨೦೨೦ರ ಏಪ್ರಿಲ್ ೨೯ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.

ಈ ಗಡ್ಡೆಗಳು ಅಪರೂಪ. ಹೆಚ್ಚಿನವು ಬಹಳ ನಿಧಾನವಾಗಿ ಬೆಳೆಯುತ್ತವೆ. ಅಪೆಂಡಿಕ್ಸ್ ತೆಗೆದಾಗ ಅಕಸ್ಮಾತ್ತಾಗಿ ಸಿಕ್ಕುವ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಸಾಮಾನ್ಯವಾಗಿ ಆ ಶಸ್ತ್ರಚಿಕಿತ್ಸೆಯೊಡನೆಯೇ ಗುಣವಾದಂತೆ. ಆದರೆ ಕರುಳಿನ ಗಡ್ಡೆ ಯಕೃತ್ತಿಗೆ ಹರಡಿದರೆ ಅದರ ಸೆರೊಟೋನಿನ್ ಅಲ್ಲಿ ಕರಗದೆ ನೇರವಾಗಿ ರಕ್ತಕ್ಕೆ ನುಗ್ಗುತ್ತದೆ. ಆಗ ಮುಖ ಇದ್ದಕ್ಕಿದ್ದಂತೆ ಕೆಂಪೇರುವುದು, ನೀರುನೀರಾದ ಭೇದಿ, ಉಬ್ಬಸ, ಕ್ರಮೇಣ ಹೃದಯದ ಬಲಬದಿಯ ಕವಾಟಗಳ ಕೆಡುಕು, ಇವೆಲ್ಲ ಕಾಣಿಸಬಹುದು. ನಡುವಯಸ್ಸಿನ ಹೆಂಗಸರಲ್ಲಿ ಮುಖ ಕೆಂಪೇರಿದರೆ ಮುಟ್ಟು ನಿಲ್ಲುವ ಕಾಲ ಎಂದೂ, ಭೇದಿಯಾದರೆ ಹೋಟೆಲಿನ ತಿಂಡಿ ಎಂದೂ, ಹೊಟ್ಟೆನೋವಾದರೆ ಗ್ಯಾಸು ಎಂದೂ ವರ್ಷಗಟ್ಟಲೆ ತಳ್ಳಿಹಾಕುವುದುಂಟು. ಕಾಯಿಲೆ ನಿಧಾನವಾದುದರಿಂದಲೇ ಮೋಸ ಮಾಡುತ್ತದೆ.

ಇಲ್ಲಿ ಹುಟ್ಟುಮಚ್ಚೆ ಕೆಲಸಕ್ಕೆ ಬರುತ್ತದೆ. ಗಡ್ಡೆಯ ಚೂರನ್ನು ಪರೀಕ್ಷಿಸುವ ವೈದ್ಯರು ಮೊದಲು ಕ್ರೋಮೊಗ್ರಾನಿನ್ ಮತ್ತು ಸಿನಾಪ್ಟೊಫೈಸಿನ್ ಎರಡಕ್ಕೂ ಬಣ್ಣ ಹಾಕಿ ನೋಡುತ್ತಾರೆ. ಎರಡೂ ಏಕೆ? ಗುದನಾಳದ ಗಡ್ಡೆಗಳು ಹಲವು ಸಲ ಕ್ರೋಮೊಗ್ರಾನಿನ್ ಎ ತೋರಿಸುವುದಿಲ್ಲ, ಸಿನಾಪ್ಟೊಫೈಸಿನ್ ತೋರಿಸುತ್ತವೆ. ಒಂದೇ ಸಾಕ್ಷಿಯನ್ನು ನಂಬಿದರೆ ಕಳ್ಳ ತಪ್ಪಿಸಿಕೊಂಡಾನು. ಬಳಿಕ ‘ಕಿ-೬೭’ ಎಂಬ ಇನ್ನೊಂದು ಪ್ರೋಟೀನನ್ನು ಎಣಿಸುತ್ತಾರೆ. ಅದು ಇಬ್ಭಾಗವಾಗಲು ಹೊರಟ ಕಣದಲ್ಲಿ ಮಾತ್ರ ಕಾಣುವುದು. ನೂರಕ್ಕೆ ೩ಕ್ಕಿಂತ ಕಡಿಮೆ ಕಣಗಳಲ್ಲಿದ್ದರೆ ಮೊದಲ ದರ್ಜೆ, ೩ರಿಂದ ೨೦ರವರೆಗೆ ಎರಡನೆಯದು, ೨೦ನ್ನು ಮೀರಿದರೆ ಮೂರನೆಯದು. ದರ್ಜೆ ಏರಿದಷ್ಟೂ ವೇಗ ಹೆಚ್ಚು. ಯಕೃತ್ತಿನಲ್ಲಿ ಸಿಕ್ಕ ಗಡ್ಡೆಯ ಮೂಲ ಮನೆ ಯಾವುದೆಂದು ತಿಳಿಯಲೂ ಪ್ರೋಟೀನುಗಳಿವೆ. ‘ಸಿ.ಡಿ.ಎಕ್ಸ್.-೨’ ಸಾಮಾನ್ಯವಾಗಿ ಕರುಳಿನ ವಿಳಾಸ ಹೇಳುತ್ತದೆ, ‘ಟಿ.ಟಿ.ಎಫ್.-೧’ ಶ್ವಾಸಕೋಶದ ಕಡೆಗೆ ಕೈತೋರಿಸುತ್ತದೆ. ಶಸ್ತ್ರಚಿಕಿತ್ಸೆಯೋ, ಔಷಧವೋ, ಸುಮ್ಮನೆ ಕಾದು ನೋಡುವುದೋ ಎಂಬ ತೀರ್ಮಾನವೆಲ್ಲ ಈ ಗುರುತುಗಳ ಮೇಲೆ ನಿಂತಿರುವುದರಿಂದ ರೋಗಿಯ ಆಯುಸ್ಸೇ ಇವುಗಳ ಕೈಯಲ್ಲಿದೆ ಎಂದರೂ ಹೆಚ್ಚಲ್ಲ.

ಹುಳಿಯ ಮಾತ್ರೆ ಮಾಡುವ ಗಲಿಬಿಲಿ

ಈಗ ಮೊದಲು ಹೇಳಿದ ನಂಟಿಗೆ ಬರೋಣ. ಚೂರಿನ ಮೇಲೆ ಬಣ್ಣ ಹಾಕುವುದು ಒಂದು, ರಕ್ತದಲ್ಲಿ ಕ್ರೋಮೊಗ್ರಾನಿನ್ ಎಷ್ಟಿದೆಯೆಂದು ಅಳೆಯುವುದು ಇನ್ನೊಂದು. ಮೊದಲನೆಯದು ಗಟ್ಟಿಯಾದ ಸಾಕ್ಷಿ. ಎರಡನೆಯದು ಸಾಕ್ಷಿಯೇ ಆದರೂ ನಾಲಗೆ ತುಸು ಸಡಿಲ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಮಾತ್ರೆಗಳು ಜಠರದ ಹುಳಿಯ ಉತ್ಪತ್ತಿಯನ್ನು ತಡೆಯುತ್ತವೆ. ಹುಳಿ ಇಳಿದೊಡನೆ ಜಿ ಕಣಗಳು, ಇದೇನು, ಹುಳಿಯೇ ಇಲ್ಲವಲ್ಲ ಎಂದು ಗ್ಯಾಸ್ಟ್ರಿನ್ನನ್ನು ಇನ್ನಷ್ಟು ಕಳುಹಿಸುತ್ತವೆ. ಗ್ಯಾಸ್ಟ್ರಿನ್ ಹೋಗಿ ಜಠರದ ಗೋಡೆಯ ಇ.ಸಿ.ಎಲ್. ಕಣಗಳನ್ನು ಎಬ್ಬಿಸುತ್ತದೆ. ಇವೂ ಅಂಚೆಯವರೇ, ಚೀಲದ ತುಂಬ ಕ್ರೋಮೊಗ್ರಾನಿನ್ ಇಟ್ಟುಕೊಂಡವರು. ಅವು ಚೀಲ ಬಿಚ್ಚಿದಷ್ಟೂ ರಕ್ತದಲ್ಲಿ ಕ್ರೋಮೊಗ್ರಾನಿನ್ ಏರುತ್ತದೆ. ಗಡ್ಡೆಯಿಲ್ಲ, ಗೊಬ್ಬೆಯಿಲ್ಲ, ಅಂಕಿ ಮಾತ್ರ ದಪ್ಪಕ್ಷರದಲ್ಲಿ! ಮೂತ್ರಪಿಂಡದ ಕೆಲಸ ಕುಂದಿದವರಲ್ಲಿ, ಹೃದಯದ ಬಲ ಕುಗ್ಗಿದವರಲ್ಲಿ, ಜಠರದ ಪೊರೆ ಸವೆದವರಲ್ಲಿಯೂ ಇದು ಏರಬಹುದು.

ಆದುದರಿಂದ ಮೂರು ಮಾತುಗಳನ್ನು ನಮ್ಮ ಮನೆಗಳಲ್ಲಿ ನೆನಪಿಡಬೇಕು. ಒಂದು, ಈ ರಕ್ತಪರೀಕ್ಷೆ ವರ್ಷಕ್ಕೊಮ್ಮೆ ‘ಎಲ್ಲವೂ ನೋಡಿಬಿಡಿ’ ಎಂದು ಮಾಡಿಸುವ ಪಟ್ಟಿಗೆ ಸೇರಿದುದಲ್ಲ. ವೈದ್ಯರು ಲಕ್ಷಣ ನೋಡಿ ಬರೆದುಕೊಟ್ಟಾಗ ಮಾಡಿಸತಕ್ಕದ್ದು. ಎರಡು, ಪರೀಕ್ಷೆಗೆ ಹೋಗುವವರು ತಾವು ನುಂಗುವ ಗ್ಯಾಸಿನ ಮಾತ್ರೆಯ ಹೆಸರನ್ನು ಮರೆಯದೆ ಡಾಕ್ಟರಿಗೆ ಹೇಳಬೇಕು. ಸಾಮಾನ್ಯವಾಗಿ ಎರಡು ವಾರ ಮೊದಲೇ ಅದನ್ನು ನಿಲ್ಲಿಸಲು ಅವರು ಹೇಳುತ್ತಾರೆ. ತಾವಾಗಿ ನಿಲ್ಲಿಸಕೂಡದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತಿಳಿಮಾಡುವ ಔಷಧ ತೆಗೆದುಕೊಳ್ಳುವವರಿಗೆ, ಹುಣ್ಣಿನಿಂದ ರಕ್ತ ಹೋದವರಿಗೆ ಆ ಮಾತ್ರೆಯೇ ರಕ್ಷೆಯಾಗಿರಬಹುದು. ಮೂರು, ಸೆರೊಟೋನಿನ್ ಅಳೆಯಲು ೨೪ ಗಂಟೆಯ ಮೂತ್ರವನ್ನು ಕೂಡಿಸಿ ಕೊಡುವ ಇನ್ನೊಂದು ಪರೀಕ್ಷೆಯಿದೆ. ಅದಕ್ಕೆ ಮುನ್ನ ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ಇವನ್ನು ಬಿಡಬೇಕು. ಅವುಗಳಲ್ಲಿಯೇ ಸೆರೊಟೋನಿನ್ ಇದೆ. ಊಟದ ಮೇಲೊಂದು ಬಾಳೆಹಣ್ಣು ಇಲ್ಲದಿದ್ದರೆ ಊಟವೇ ಆಗಲಿಲ್ಲವೆನ್ನುವ ಕರಾವಳಿಯ ಹಿರಿಯರಿಗೆ ಇದನ್ನು ಎರಡು ಸಲ ಹೇಳಬೇಕಾದೀತು.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ. ಅಂಕಿ ಏರಿದೆಯೆಂದು ಹೆದರುವುದು ಎಷ್ಟು ತಪ್ಪೋ, ತಿಂಗಳುಗಟ್ಟಲೆ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ಮುಖ ಕೆಂಪೇರುವುದು ಇವನ್ನು ಅಂಗಡಿಯ ಮಾತ್ರೆಯಿಂದ ಮುಚ್ಚಿಡುವುದೂ ಅಷ್ಟೇ ತಪ್ಪು.

ಖಾಡಿಯ ಆಚೆ ಈಚೆ

ಇಂಥ ಕಾಯಿಲೆಗೆ ಹಿಂದೆ ಶಸ್ತ್ರಚಿಕಿತ್ಸೆಯೊಂದೇ ಗತಿ ಎನ್ನುವಂತಿತ್ತು. ಈಗ ಒಂದು ಹೊಸ ದಾರಿಯಿದೆ. ಅದು ನಮ್ಮ ಠಾಣೆಯ ಖಾಡಿಯ ದಡದಲ್ಲಿಯೇ ಹಾದುಹೋಗುತ್ತದೆ ಎಂಬುದು ನಾವು ಸಂತೋಷಪಡತಕ್ಕ ಸಂಗತಿ.

ಈ ಕಣಗಳ ಮೈಮೇಲೆ ‘ಸೊಮಾಟೊಸ್ಟಾಟಿನ್’ ಎಂಬ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ ಕೊಂಡಿಗಳಿವೆ. ಸೊಮಾಟೊಸ್ಟಾಟಿನ್ ೧೯೭೩ರಲ್ಲಿ ದೊರೆತ ಹಾರ್ಮೋನು. ಉಳಿದ ಹಾರ್ಮೋನುಗಳಿಗೆ ‘ಸುಮ್ಮನಿರು’ ಎನ್ನುವುದು ಅದರ ಕೆಲಸ. ಗಡ್ಡೆಯ ಕಣಗಳಲ್ಲಿ ಈ ಕೊಂಡಿಗಳು ಹಲವು ವೇಳೆ ಬಹಳ ಹೆಚ್ಚಾಗಿರುತ್ತವೆ. ಸೊಮಾಟೊಸ್ಟಾಟಿನ್ನಿನಂಥ ಒಂದು ಚಿಕ್ಕ ಅಣುವಿಗೆ ಗ್ಯಾಲಿಯಂ-೬೮ ಎಂಬ ಕಿರಣಧಾತುವನ್ನು ಕಟ್ಟಿ ರಕ್ತಕ್ಕೆ ಬಿಟ್ಟರೆ, ಅದು ಹೋಗಿ ಕೊಂಡಿಗೆ ಸಿಕ್ಕಿಕೊಂಡು ಗಡ್ಡೆ ಎಲ್ಲೆಲ್ಲಿದೆಯೆಂದು ಚಿತ್ರದಲ್ಲಿ ಹೊಳೆದು ತೋರಿಸುತ್ತದೆ. ಅದೇ ಅಣುವಿಗೆ ಲುಟೀಷಿಯಂ-೧೭೭ ಕಟ್ಟಿದರೆ ಹೊಳೆಯುವುದಷ್ಟೇ ಅಲ್ಲ, ಹತ್ತಿರದ ಗಡ್ಡೆಯ ಕಣಗಳನ್ನು ಸುಡುತ್ತದೆ. ಕಾಯಿಲೆಯ ಗುರುತೇ ಮದ್ದಿಗೆ ದಾರಿ ತೋರಿಸುತ್ತದೆ. ೨೦೧೭ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಸಣ್ಣ ಕರುಳಿನ ಹರಡಿದ ಗಡ್ಡೆಗಳಲ್ಲಿ ಈ ಚಿಕಿತ್ಸೆಯ ಪ್ರಯೋಜನವನ್ನು ತೋರಿಸಿಕೊಟ್ಟಿತು.

ಲುಟೀಷಿಯಂ-೧೭೭ರ ಬಲ ಆರೂವರೆ ದಿನಗಳಿಗೆ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಗೋದಾಮಿನಲ್ಲಿ ಕೂಡಿಟ್ಟು ಮಾರುವ ಸರಕಲ್ಲ. ಹತ್ತಿರದಲ್ಲಿ ತಯಾರಾದರೆ ಒಳ್ಳೆಯದು. ನಮ್ಮ ದೇಶದಲ್ಲಿ ಅದನ್ನು ತಯಾರಿಸಿರುವುದು ಟ್ರಾಂಬೆಯ ‘ಧ್ರುವ’ ರಿಯಾಕ್ಟರಿನಲ್ಲಿ. ೧೯೮೫ರ ಆಗಸ್ಟಿನಲ್ಲಿ ಚಾಲೂ ಆದ ಈ ರಿಯಾಕ್ಟರು ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದ್ದು. ತುಮಕೂರಿನಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರು ಎರಡು ಸಲ ನಿರ್ದೇಶಕರಾಗಿದ್ದ ಸಂಸ್ಥೆ ಅದು. ಕಿರಣಧಾತುಗಳನ್ನು ಆಸ್ಪತ್ರೆಗಳಿಗೆ ಒದಗಿಸುವ ‘ಬ್ರಿಟ್’ ಸಂಸ್ಥೆ ನವಿಮುಂಬಯಿಯ ವಾಶಿಯಲ್ಲಿದೆ. ಚಿಕಿತ್ಸೆ ಕೊಡುವ ವಿಕಿರಣ ವೈದ್ಯಕೇಂದ್ರ ೧೯೬೩ರಿಂದ ಪರೇಲಿನಲ್ಲಿದೆ. ಅದರ ನೆರೆಯಲ್ಲಿ ೧೯೪೧ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆ. ಅದರದೇ ಸಂಶೋಧನ ಕೇಂದ್ರವಾದ ‘ಆ್ಯಕ್‌ಟ್ರೆಕ್’ ಖಾರ್‌ಘರಿನಲ್ಲಿದೆ. ಇವನ್ನೆಲ್ಲ ಮುಟ್ಟಲು ನಮ್ಮ ರಸ್ತೆಯಿಂದ ಹೊರಟವರಿಗೆ ಇನ್ನೊಂದು ರಾಜ್ಯಕ್ಕೆ ಹೋಗಬೇಕಾಗಿಲ್ಲ. ದೂರ ಊರಿನಿಂದ, ಧಾರವಾಡದಿಂದಲೋ ವಿಜಯಪುರದಿಂದಲೋ, ಕಾಗದ ಪತ್ರ ಹಿಡಿದು ಬರುವ ನೆಂಟರಿಗೆ ದಾರಿ ತೋರಿಸುವ ಭಾಗ್ಯವಾದರೂ ನಮಗಿದೆ. ನಮ್ಮ ಮನೆಗಳಲ್ಲಿ ಮರಾಠಿ, ಹಿಂದಿ ಬಲ್ಲ ಒಬ್ಬ ಹುಡುಗ ಜೊತೆಗೆ ಹೋಗಿ ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪಾವ್ಲೊವನೂ ಸೋಲಲಿಲ್ಲ

ಕೊನೆಯದಾಗಿ ಒಂದು ಸ್ವಾರಸ್ಯ. ನರಗಳ ಪಕ್ಷ ೧೯೦೨ರಲ್ಲಿ ಸೋತಿತೆಂದು ಎಲ್ಲರೂ ಭಾವಿಸಿದ್ದರು. ಪಾವ್ಲೊವ್ ಕೂಡ ತನ್ನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡಿದ ಮೇಲೆ ಲಂಡನ್ನಿನವರ ಮಾತನ್ನು ಒಪ್ಪಿದನು. ಮುಂದೆ ೧೯೬೦ರ ದಶಕದಲ್ಲಿ ಲಂಡನ್ನಿನ ಪಿಯರ್ಸ್ ಎಂಬ ವಿಜ್ಞಾನಿ, ಕರುಳಿನ ಈ ಕಣಗಳು ಭ್ರೂಣದಲ್ಲಿ ನರಗಳ ಮೂಲದಿಂದಲೇ ವಲಸೆ ಬಂದವು ಎಂದು ವಾದಿಸಿದನು. ನರಕ್ಕಿರುವ ಹುಟ್ಟುಮಚ್ಚೆ ಇವಕ್ಕೂ ಇದೆಯಲ್ಲ ಎಂಬುದು ಅಂಥ ವಾದಕ್ಕೆ ಬಲ. ಆದರೆ ಫ್ರಾನ್ಸಿನ ನಿಕೋಲ್ ಲ ದುವಾರಿನ್ ಎಂಬ ವಿದುಷಿ ೧೯೭೦ರ ದಶಕದಲ್ಲಿ ಕೋಳಿಯ ಭ್ರೂಣಕ್ಕೆ ಲಾವಕ್ಕಿಯ ನರಮೂಲದ ಚೂರನ್ನು ಕಸಿ ಮಾಡಿ ನೋಡಿದಳು. ಕರುಳಿನ ಹಾರ್ಮೋನ್ ಕಣಗಳಲ್ಲಿ ಲಾವಕ್ಕಿಯ ಕಣ ಒಂದೂ ಇರಲಿಲ್ಲ. ಅವು ವಲಸೆಗಾರರಲ್ಲ, ಕರುಳಿನ ಮಣ್ಣಿನಲ್ಲಿಯೇ ಹುಟ್ಟಿದವು.

ಹಾಗಾದರೆ ನರಗಳ ತುದಿಯಲ್ಲಿರುವ ಸಿನಾಪ್ಟೊಫೈಸಿನ್ ಇವುಗಳಲ್ಲಿ ಏಕೆ ಇದೆ? ಇದಕ್ಕೆ ಉತ್ತರ ಬಂದುದು ಇತ್ತೀಚೆಗೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಡಿಯೇಗೊ ಬೊಹೋರ್ಕೆಸ್ ಮತ್ತು ಸಂಗಡಿಗರು ಈ ಕಣಗಳಲ್ಲಿ ಕೆಲವಕ್ಕೆ ಬಾಲದಂಥ ಒಂದು ಕಾಲಿದೆಯೆಂದೂ, ಅದು ನರವನ್ನು ನೇರವಾಗಿ ಮುಟ್ಟುತ್ತದೆಂದೂ ಕಂಡರು. ೨೦೧೮ರಲ್ಲಿ ಇಲಿಯ ಕರುಳಿನ ಇಂಥ ಕಣ ಸಕ್ಕರೆಯ ಸುದ್ದಿಯನ್ನು ಕ್ಷಣಾರ್ಧಕ್ಕೂ ಮೊದಲೇ ಮಿದುಳಿನ ಕಡೆಯ ನರಕ್ಕೆ ಮುಟ್ಟಿಸುವುದನ್ನು ತೋರಿಸಿಕೊಟ್ಟರು. ಅಂಚೆಯವನ ಕೈಯಲ್ಲಿ ಕಾಗದದ ಚೀಲವೂ ಇದೆ, ತಂತಿಯೂ ಇದೆ. ಲಂಡನ್ನಿನವರೂ ಸರಿ, ಪಾವ್ಲೊವನೂ ಪೂರ್ತಿ ತಪ್ಪಲ್ಲ. ಚೂರಿನ ಮೇಲೆ ಕಂಡ ಒಂದು ಪ್ರೋಟೀನಿನ ಗುರುತು ಇದನ್ನೇ ಮೂವತ್ತು ವರ್ಷ ಮೊದಲು ಸೂಚಿಸುತ್ತಿತ್ತು.

ಪರೀಕ್ಷೆ ಮುಂತೂ ಬಂದರೆ ಈ ಹಿರಿಯ ವಿದ್ಯೆಯಲ್ಲಿ ನಮಗೆ ಬೇಕಾದುದು ಇಷ್ಟೇ. ಮಾತ್ರೆಯ ಹೆಸರನ್ನು ವೈದ್ಯರಿಗೆ ಹೇಳೋಣ. ಅಂಕಿಯೊಂದನ್ನೇ ನೋಡಿ ಎದೆ ಒಡೆದುಕೊಳ್ಳದಿರೋಣ. ಬಹುದಿನ ಬಿಡದ ಲಕ್ಷಣವನ್ನು ಗ್ಯಾಸು ಎಂದು ತಳ್ಳಿಹಾಕದಿರೋಣ. ಕರುಳಿನ ಮಾತನ್ನು ಕೇಳಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಮಾತಾಡುವುದಂತೂ ನಿಜ. ಓದಿಕೊಳ್ಳಲು ಈಗ ಅಕ್ಷರವೂ ಸಿಕ್ಕಿದೆ.